ಪಾರ್ಟಿಷನ್‌ಗಳನ್ನು ಕೂಡಿಸುವ ದಾರಿಗಳು: ಕಡತಗಳು ಉಳಿಯಬೇಕಾದರೆ ಯಾವುದನ್ನು ಆರಿಸಿಕೊಳ್ಳಬೇಕು

ಸಿ ಡ್ರೈವಿನ ಪಟ್ಟಿ ಕೆಂಪಾಗಿದೆ, ಪಕ್ಕದ ಡಿ ಡ್ರೈವಿನಲ್ಲಿ ನೂರಾರು ಜಿಬಿ ಜಾಗ ಖಾಲಿ ಬಿದ್ದಿದೆ. ಕೆಲವು ವರ್ಷಗಳ ಹಿಂದೆ ಅಂಗಡಿಯಲ್ಲಿ ಜೋಡಿಸಿಕೊಂಡ ಕಂಪ್ಯೂಟರುಗಳಲ್ಲಿ ಇದು ತೀರಾ ಸಾಮಾನ್ಯವಾದ ಸ್ಥಿತಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಅಂಗಡಿಯವರೆಗೆ ಹಾರ್ಡ್ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ ಕೊಡುವುದು ರೂಢಿಯಾಗಿತ್ತು; ಈ ಭಾಗಗಳೇ ಪಾರ್ಟಿಷನ್‌ಗಳು. ವಿಂಡೋಸ್ ಕೆಟ್ಟು ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕಾಗಿ ಬಂದರೂ ಉಳಿದ ಡ್ರೈವುಗಳಲ್ಲಿನ ಫೋಟೊ, ಲೆಕ್ಕಪತ್ರಗಳು ಉಳಿಯಲಿ ಎಂಬ ಒಳ್ಳೆಯ ಉದ್ದೇಶವೇ ಅದರ ಹಿಂದಿತ್ತು. ಆದರೆ ಅಂದು ಧಾರಾಳವೆನಿಸಿದ್ದ 50 ಅಥವಾ 60 ಜಿಬಿಯ ಸಿ ಡ್ರೈವ್ ಇಂದು ಸಾಲುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಕೇಳುವುದೇ ಕನಿಷ್ಠ 64 ಜಿಬಿ ಸಂಗ್ರಹ ಸಾಮರ್ಥ್ಯವನ್ನು. ಹಾಗಾಗಿ ಎರಡು ಪಾರ್ಟಿಷನ್‌ಗಳನ್ನು ಒಂದು ಮಾಡುವುದು ಹೇಗೆ, ಅದರಲ್ಲಿರುವ ಕಡತಗಳಿಗೆ ಧಕ್ಕೆಯಾಗದಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಅನೇಕರ ಮುಂದಿದೆ.

ಇದಕ್ಕೆ ದಾರಿಗಳು ಹಲವು ಇವೆ. ಅವುಗಳನ್ನು ತೂಗಿ ನೋಡುವ ಮೊದಲು ಒಂದು ತಪ್ಪುಕಲ್ಪನೆಯನ್ನು ಬಿಡಬೇಕು. ಎರಡು ಹೊಲಗಳ ನಡುವಿನ ಬದುವನ್ನು ಕಿತ್ತರೆ ಹೊಲ ಒಂದಾಗುತ್ತದೆ, ಎರಡೂ ಕಡೆಯ ಪೈರು ಇದ್ದಲ್ಲೇ ಇರುತ್ತದೆ. ಪಾರ್ಟಿಷನ್‌ಗಳು ಹಾಗಲ್ಲ. ಪ್ರತಿಯೊಂದು ಪಾರ್ಟಿಷನ್‌ಗೂ ತನ್ನದೇ ಆದ ಕಡತ ವ್ಯವಸ್ಥೆ ಇರುತ್ತದೆ, ಯಾವ ಕಡತ ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ಬರೆದಿಟ್ಟುಕೊಂಡ ತನ್ನದೇ ಖಾತೆ ಪುಸ್ತಕ ಇರುತ್ತದೆ. ಆ ಎರಡು ಪುಸ್ತಕಗಳನ್ನು ಹೊಲಿದು ಒಂದು ಮಾಡಲು ಬರುವುದಿಲ್ಲ. ಡಿ ಡ್ರೈವಿನ ಕಡತಗಳನ್ನು ಬೇರೆಡೆಗೆ ಬರೆದು, ಡಿ ಡ್ರೈವನ್ನು ಅಳಿಸಿ, ಬರಿದಾದ ಆ ಜಾಗವನ್ನು ಸಿ ಡ್ರೈವಿಗೆ ಸೇರಿಸುವುದನ್ನೇ ನಾವು ಕೂಡಿಸುವುದು ಎನ್ನುತ್ತೇವೆ. ಎಷ್ಟೇ ಚೆಂದದ ತಂತ್ರಾಂಶವಾದರೂ ತೆರೆಯ ಹಿಂದೆ ನಡೆಯುವುದು ಇದೇ.

ಆದ್ದರಿಂದ ದಾರಿಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಎಷ್ಟು ಬೇಗ ಮುಗಿಯುತ್ತದೆ, ಎಷ್ಟು ಸುಲಭ ಎಂಬುದಲ್ಲ. ಕೆಲಸ ಅರ್ಧದಲ್ಲಿ ನಿಂತುಹೋದರೆ ಆ ಗಳಿಗೆಯಲ್ಲಿ ಕಡತಗಳು ಎಲ್ಲಿರುತ್ತವೆ ಎಂಬುದು.

ಡಿಸ್ಕಿನ ನಕ್ಷೆಯನ್ನು ಓದಿಕೊಳ್ಳುವುದು

ವಿಂಡೋಸ್‌ನ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಡಿಸ್ಕಿನ ನಕ್ಷೆ ಎಡದಿಂದ ಬಲಕ್ಕೆ ಕಾಣುತ್ತದೆ. ಈ ಚಿತ್ರದ ಒಂದು ಫೋಟೊ ತೆಗೆದಿಟ್ಟುಕೊಂಡು ಸಾವಧಾನವಾಗಿ ನೋಡಬೇಕು, ಏಕೆಂದರೆ ಯಾವ ದಾರಿ ನಿಮಗೆ ತೆರೆದಿದೆ ಎಂಬುದನ್ನು ಬಹುಪಾಲು ಈ ನಕ್ಷೆಯೇ ತೀರ್ಮಾನಿಸುತ್ತದೆ.

ಮೊದಲನೆಯದಾಗಿ, ಸಿ ಡ್ರೈವಿನ ಬಲಮಗ್ಗುಲಿಗೆ ತಾಗಿಕೊಂಡು ಇರುವುದು ಏನು ಎಂದು ನೋಡಿ. ವಿಂಡೋಸ್‌ನಲ್ಲಿರುವ ಎಕ್ಸ್‌ಟೆಂಡ್ ವಾಲ್ಯೂಮ್ ಆಯ್ಕೆ ಬಲಗಡೆ ತಾಗಿಕೊಂಡಿರುವ, ಯಾರಿಗೂ ಹಂಚಿಕೆಯಾಗದ ಜಾಗವನ್ನಷ್ಟೇ ಸೇರಿಸಿಕೊಳ್ಳುತ್ತದೆ. ನಡುವೆ ಇನ್ನೊಂದು ಪಾರ್ಟಿಷನ್ ಇದ್ದರೆ ಆ ಆಯ್ಕೆ ಮಸುಕಾಗಿಯೇ ಇರುತ್ತದೆ. ವಿಂಡೋಸ್ 10ರ 2004 ಎಂಬ ಹೆಸರಿನ ಆವೃತ್ತಿಯಿಂದ (ಇದು ಇಸವಿಯಲ್ಲ) ಈಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟಾಗ ಸರಿಪಡಿಸುವ ಸಾಧನಗಳಿರುವ ಭಾಗ) ಸಿ ಡ್ರೈವಿನ ಬಲಮಗ್ಗುಲಿಗೇ ಬಂದು ಕೂರುವುದರಿಂದ ಈ ಅಡ್ಡಿ ಬಹಳ ಯಂತ್ರಗಳಲ್ಲಿ ಎದುರಾಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಅಳಿಸಲು ಬಿಡುವುದಿಲ್ಲ. ರಿಏಜೆಂಟ್‌ಸಿ (reagentc) ಆಜ್ಞೆಯಿಂದ ರಿಕವರಿ ವ್ಯವಸ್ಥೆಯನ್ನು ಮೊದಲು ನಿಲ್ಲಿಸಿ, ಡಿಸ್ಕ್‌ಪಾರ್ಟ್ (diskpart) ಆಜ್ಞೆಯಿಂದ ಆ ಪಾರ್ಟಿಷನ್ ತೆಗೆದು, ಸಿ ಡ್ರೈವನ್ನು ಹಿಗ್ಗಿಸಿದ ಮೇಲೆ ರಿಕವರಿ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಬೇಕಾಗುತ್ತದೆ. ಡಿಸ್ಕ್‌ಪಾರ್ಟ್ ನೀವು ಆರಿಸಿದ ಸಂಖ್ಯೆಯನ್ನು ಮರುಮಾತಿಲ್ಲದೆ ಅಳಿಸಿಬಿಡುತ್ತದೆ ಎಂಬುದನ್ನು ಮರೆಯದೆ, ಪಾರ್ಟಿಷನ್‌ನ ಗಾತ್ರವನ್ನು ಎರಡು ಬಾರಿ ಹೋಲಿಸಿ ನೋಡಿದ ನಂತರವೇ ಎಂಟರ್ ಒತ್ತಬೇಕು.

ಎರಡನೆಯದಾಗಿ, ಡಿ ಡ್ರೈವಿನ ಸುತ್ತ ಹಸಿರು ಚೌಕಟ್ಟು ಇದೆಯೇ ಗಮನಿಸಿ. ಹಳೆಯ ಎಂಬಿಆರ್ ಮಾದರಿಯ ಡಿಸ್ಕುಗಳಲ್ಲಿ ಪ್ರೈಮರಿ ಪಾರ್ಟಿಷನ್‌ಗಳು ನಾಲ್ಕಕ್ಕಿಂತ ಹೆಚ್ಚು ಇರಲಾರವು, ಆ ಮಿತಿಯನ್ನು ದಾಟಲು ಎಕ್ಸ್‌ಟೆಂಡೆಡ್ ಎಂಬ ಒಂದು ದೊಡ್ಡ ಪೆಟ್ಟಿಗೆಯೊಳಗೆ ಡಿ, ಇ ಮೊದಲಾದ ಲಾಜಿಕಲ್ ಡ್ರೈವುಗಳನ್ನು ಮಾಡುತ್ತಿದ್ದರು. ಅಂಥ ಡಿಸ್ಕಿನಲ್ಲಿ ಡಿ ಡ್ರೈವನ್ನು ಅಳಿಸಿದರೂ ಆ ಜಾಗ ಪೆಟ್ಟಿಗೆಯೊಳಗೇ ಉಳಿಯುತ್ತದೆ, ಸಿ ಡ್ರೈವಿಗೆ ಸಿಗುವುದಿಲ್ಲ. ಪೆಟ್ಟಿಗೆಯನ್ನೇ ಅಳಿಸೋಣವೆಂದರೆ ಅದರಲ್ಲಿ ಇ ಡ್ರೈವ್ ಇದೆ. ಡಿ ಡ್ರೈವನ್ನು ಅಳಿಸಿದ ಮೇಲೆ ಇದನ್ನು ಕಂಡು ಗಾಬರಿಯಾಗುವವರು ಬಹಳ. ಹೊಸ ಜಿಪಿಟಿ ಮಾದರಿಯಲ್ಲಿ ಈ ತೊಡಕಿಲ್ಲ. ಅಲ್ಲಿ ವಿಂಡೋಸ್ 128 ಪಾರ್ಟಿಷನ್‌ಗಳವರೆಗೆ ಅವಕಾಶ ಕೊಡುತ್ತದೆ.

ಇದರ ಜೊತೆಗೆ ಡ್ರೈವ್ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿದೆಯೇ ನೋಡಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕವರಲ್ಲಿ ಅನೇಕರಿಗೆ ಇದು ತಾನಾಗಿ ಚಾಲೂ ಆಗಿರುವುದೇ ತಿಳಿದಿರುವುದಿಲ್ಲ. ಆ ಬೀಗ ತೆರೆಯುವ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳದೆ ಪಾರ್ಟಿಷನ್‌ಗೆ ಕೈ ಹಾಕಬಾರದು. ಡಿಸ್ಕಿನ ಆರೋಗ್ಯವನ್ನೂ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಬೇಕು. ಎಚ್ಚರಿಕೆಯ ಸೂಚನೆ ಕಂಡರೆ ಕೂಡಿಸುವ ವಿಚಾರ ಬಿಟ್ಟು, ಕಡತಗಳನ್ನು ಹೊರತೆಗೆಯುವುದೊಂದೇ ಅಂದಿನ ಕೆಲಸವಾಗಬೇಕು.

ನಕಲು ಮಾಡಿ, ಅಳಿಸಿ, ಹಿಗ್ಗಿಸುವುದು

ಡಿ ಡ್ರೈವಿನ ಕಡತಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಡ್ರೈವನ್ನು ಅಳಿಸಿ, ಸಿ ಡ್ರೈವನ್ನು ಹಿಗ್ಗಿಸಿ, ಕಡತಗಳನ್ನು ಮರಳಿ ತರುವುದು ಹಳೆಯ ದಾರಿ. ಬೇಸರ ತರಿಸುವ ದಾರಿಯೂ ಹೌದು. ಆದರೆ ಯಾವ ಹೆಜ್ಜೆಯಲ್ಲಿ ವಿದ್ಯುತ್ ಹೋದರೂ ಪ್ರತಿಯೊಂದು ಕಡತದ ಒಂದು ಪ್ರತಿ ಯಾರೂ ಮುಟ್ಟದ ಜಾಗದಲ್ಲಿ ಭದ್ರವಾಗಿರುತ್ತದೆ. ಅಳಿಸುವ ಮತ್ತು ಹಿಗ್ಗಿಸುವ ಕೆಲಸ ಕೆಲವೇ ಕ್ಷಣಗಳದ್ದು, ಏಕೆಂದರೆ ಅಲ್ಲಿ ಕಡತಗಳು ಜಾಗ ಬದಲಿಸುವುದಿಲ್ಲ, ಡಿಸ್ಕಿನ ಕೋಷ್ಟಕದಲ್ಲಿ ಗಡಿಯ ಲೆಕ್ಕ ಮಾತ್ರ ಬದಲಾಗುತ್ತದೆ. ಸಮಯ ಹಿಡಿಯುವುದು ನಕಲಿಗೆ. ಸೆಕೆಂಡಿಗೆ ಸುಮಾರು 100 ಎಂಬಿ ವೇಗದಲ್ಲಿ ಬರೆಯುವ ಯುಎಸ್‌ಬಿ 3.0 ಹಾರ್ಡ್ ಡಿಸ್ಕಿಗೆ 200 ಜಿಬಿ ವಿಡಿಯೊ ನಕಲಾಗಲು ಸುಮಾರು 35 ನಿಮಿಷ ಬೇಕು. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಎರಡು ಗಂಟೆ ತೆಗೆದುಕೊಂಡರೆ ಆಶ್ಚರ್ಯವಿಲ್ಲ. ಸಾವಿರಾರು ಚಿಕ್ಕ ಕಡತಗಳಿದ್ದರೆ ಇನ್ನೂ ನಿಧಾನ.

ಇಲ್ಲಿ ಎರಡು ಮಾತುಗಳನ್ನು ಒತ್ತಿ ಹೇಳುತ್ತೇನೆ. ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಕಾಪಿಯನ್ನೇ ಮಾಡಿ. ಕಟ್ ಮಾಡಿದ್ದು ನಡುವೆ ನಿಂತರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂಬಂತಾಗಿ ಯಾವುದು ಬಂದಿದೆ, ಯಾವುದು ಬಂದಿಲ್ಲ ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ನಕಲು ಮುಗಿದ ಮೇಲೆ, ಅಡಗಿಸಿದ ಕಡತಗಳೂ ಕಾಣುವಂತೆ ಮಾಡಿಕೊಂಡು, ಎರಡೂ ಕಡೆಯ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು ಕಡತಗಳ ಸಂಖ್ಯೆಯನ್ನೂ ಬೈಟ್‌ಗಳ ಲೆಕ್ಕವನ್ನೂ ಹೋಲಿಸಿ. ಡಿಸ್ಕಿನ ಮೇಲೆ ಆಕ್ರಮಿಸಿದ ಗಾತ್ರ ಎಂದು ತೋರಿಸುವ ಅಂಕಿ ಎರಡು ಕಡೆ ಬೇರೆ ಇರಬಹುದು, ಅದಕ್ಕೆ ಹೆದರಬೇಕಿಲ್ಲ. ನಿಜವಾದ ಗಾತ್ರದ ಅಂಕಿ ಮಾತ್ರ ಒಂದೇ ಆಗಿರಬೇಕು. ನಂತರ ಅಲ್ಲೊಂದು ಇಲ್ಲೊಂದು ಫೋಟೊ, ಒಂದು ಹಳೆಯ ಪತ್ರ, ಒಂದು ವಿಡಿಯೊವನ್ನು ನಕಲಿನಿಂದಲೇ ತೆರೆದು ನೋಡಿ.

ಹೊರಗಿನ ಡಿಸ್ಕ್ ಇಲ್ಲದವರು ಇ ಡ್ರೈವನ್ನು ತಾತ್ಕಾಲಿಕ ಕೋಣೆಯಾಗಿ ಬಳಸಬಹುದು. 1 ಟಿಬಿಯ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಅದರಲ್ಲಿ ಸಿ 120, ಡಿ 345, ಇ 466 ಜಿಬಿ ಎಂದು ಭಾಗವಾಗಿದ್ದು, ಡಿ ಡ್ರೈವಿನ ಕಡತಗಳು 210 ಜಿಬಿ ಇದ್ದು, ಇ ಡ್ರೈವಿನಲ್ಲಿ 316 ಜಿಬಿ ಖಾಲಿ ಇದ್ದರೆ, ಎಲ್ಲವನ್ನೂ ಇ ಡ್ರೈವಿಗೆ ನಕಲು ಮಾಡಿ ಡಿ ಡ್ರೈವನ್ನು ಸಿ ಡ್ರೈವಿಗೆ ಸೇರಿಸಬಹುದು. ಈ ಕೆಲಸದಲ್ಲಿ ಇ ಡ್ರೈವಿನ ಗಡಿ ಅಲುಗುವುದಿಲ್ಲವಾದ್ದರಿಂದ ಇದು ತಕ್ಕಮಟ್ಟಿಗೆ ಸುರಕ್ಷಿತವೇ. ಆದರೆ ಎರಡೂ ಇರುವುದು ಒಂದೇ ಡಿಸ್ಕಿನ ಮೇಲೆ. ಡಿಸ್ಕೇ ಕೈಕೊಟ್ಟರೆ ಎರಡೂ ಹೋಗುತ್ತವೆ, ಹಾಗಾಗಿ ಇದನ್ನು ಬ್ಯಾಕಪ್ ಎಂದು ಕರೆಯಲಾಗದು. ಮೇಲೆ ಹೇಳಿದ ಹಸಿರು ಚೌಕಟ್ಟು ಇರುವ ಡಿಸ್ಕಿನಲ್ಲಿ ಈ ದಾರಿ ಅರ್ಧಕ್ಕೆ ನಿಲ್ಲುತ್ತದೆ. ಡಿ ಡ್ರೈವನ್ನು ಅಳಿಸಿದ ಮೇಲೆ ಜಿಪಾರ್ಟೆಡ್ ಎಂಬ ಪಾರ್ಟಿಷನ್ ತಂತ್ರಾಂಶ ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಬೂಟ್ ಮಾಡಿ, ಎಕ್ಸ್‌ಟೆಂಡೆಡ್ ಪೆಟ್ಟಿಗೆಯ ಎಡ ಅಂಚನ್ನು ಇ ಡ್ರೈವಿನ ಅಂಚಿನವರೆಗೆ ಕುಗ್ಗಿಸಬೇಕು. ಅಲ್ಲಿ ಕಡತಗಳು ಚಲಿಸುವುದಿಲ್ಲವಾದ್ದರಿಂದ ಅದೂ ಬೇಗನೆ ಮುಗಿಯುತ್ತದೆ.

ಒಂದೇ ಗುಂಡಿಯಲ್ಲಿ ಕೂಡಿಸುವ ತಂತ್ರಾಂಶಗಳು

ಆಮೇ ಪಾರ್ಟಿಷನ್ ಅಸಿಸ್ಟೆಂಟ್, ಮಿನಿಟೂಲ್ ಪಾರ್ಟಿಷನ್ ವಿಝಾರ್ಡ್, ಈಸ್‌ಅಸ್ ಪಾರ್ಟಿಷನ್ ಮಾಸ್ಟರ್ ಮುಂತಾದವುಗಳಲ್ಲಿ ಮರ್ಜ್ ಎಂಬ ಆಯ್ಕೆ ಇರುತ್ತದೆ. ಡಿ ಡ್ರೈವಿನಲ್ಲಿದ್ದುದೆಲ್ಲ ಸಿ ಡ್ರೈವಿನ ಒಂದು ಫೋಲ್ಡರಿನೊಳಗೆ ಬಂದು ಸೇರುತ್ತದೆ, ಡಿ ಅಕ್ಷರ ಮಾಯವಾಗುತ್ತದೆ. ಸಿ ಡ್ರೈವ್ ಬಳಕೆಯಲ್ಲಿರುವುದರಿಂದ ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ತೆರೆದುಕೊಳ್ಳುವ ಮುನ್ನವೇ ಕೆಲಸ ನಡೆಯುವುದು ಸಾಮಾನ್ಯ. ಹೊರಗಿನ ಡಿಸ್ಕ್ ಬೇಡ, ನಕ್ಷೆಯನ್ನು ಅಷ್ಟಾಗಿ ಓದಬೇಕಿಲ್ಲ, ಕೊನೆಯಲ್ಲಿ ಕಡತಗಳು ತಾವಾಗಿಯೇ ಜಾಗಕ್ಕೆ ಬಂದಿರುತ್ತವೆ ಎಂಬುದು ಇದರ ಆಕರ್ಷಣೆ.

ಇದು ಮಾಡಬಾರದ ಕೆಲಸ ಎಂದು ನಾನು ಹೇಳುವುದಿಲ್ಲ. ಬಹಳ ಸಲ ಯಾವ ತೊಂದರೆಯೂ ಇಲ್ಲದೆ ಮುಗಿಯುತ್ತದೆ. ಆದರೆ ನನ್ನ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಸಮಾಧಾನ ಕೊಡುವುದಿಲ್ಲ. ನಡುವೆ ನಿಂತರೆ ಕಡತಗಳು ಎರಡು ಪಾರ್ಟಿಷನ್‌ಗಳ ನಡುವೆ, ತಂತ್ರಾಂಶಕ್ಕೆ ಮಾತ್ರ ತಿಳಿದ ಸ್ಥಿತಿಯಲ್ಲಿ ಇರುತ್ತವೆ. ಈ ತಂತ್ರಾಂಶಗಳನ್ನು ತಯಾರಿಸುವವರೇ ಮೊದಲು ಬ್ಯಾಕಪ್ ತೆಗೆದುಕೊಳ್ಳಿ ಎಂದು ಸೂಚಿಸುತ್ತಾರೆ. ಬ್ಯಾಕಪ್ ತೆಗೆದುಕೊಂಡ ಮೇಲೆ ಹಿಂದಿನ ದಾರಿಗಿಂತ ಇಲ್ಲಿ ಉಳಿಯುವುದು ಮರಳಿ ನಕಲು ಮಾಡುವ ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆಗಾಗಿ ಹೊಸ ತಂತ್ರಾಂಶವೊಂದಕ್ಕೆ ಡಿಸ್ಕಿನ ಪೂರ್ಣ ಅಧಿಕಾರ ಕೊಡಬೇಕೇ ಎಂದು ಯೋಚಿಸಬೇಕು. ನಡುವೆ ರಿಕವರಿ ಪಾರ್ಟಿಷನ್ ಇದ್ದು ಡಿಸ್ಕ್‌ಪಾರ್ಟ್ ಬಳಸಲು ಅಳುಕಿದ್ದರೆ ಇವು ನಿಜಕ್ಕೂ ನೆರವಾಗುತ್ತವೆ. ಉಚಿತ ಆವೃತ್ತಿಯಲ್ಲಿ ನಿಮಗೆ ಬೇಕಾದ ಆಯ್ಕೆ ತೆರೆದಿದೆಯೇ ಎಂದು ಮೊದಲೇ ನೋಡಿ, ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಬೀಗ ಮುರಿದ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ಯಾರೋ ಕೊಟ್ಟರೆಂದು ಹಾಕಿಕೊಂಡರೆ, ಡಿಸ್ಕಿನ ಮೂಲೆ ಮೂಲೆಯನ್ನೂ ಬರೆಯಬಲ್ಲ ಶಕ್ತಿಯನ್ನು ಅಪರಿಚಿತರ ಕೈಗೆ ಕೊಟ್ಟಂತೆ.

ಗಡಿಯನ್ನು ಸರಿಸುವುದು

ಡಿ ಡ್ರೈವನ್ನು ಪೂರ್ತಿ ತೆಗೆಯದೆ, ಅದರ ಎಡಗಡೆಯಿಂದ 100 ಜಿಬಿ ಕುಗ್ಗಿಸಿ ಸಿ ಡ್ರೈವಿಗೆ ಕೊಡುವುದು ಇನ್ನೊಂದು ದಾರಿ. ಜಿಪಾರ್ಟೆಡ್ ಇದನ್ನು ಉಚಿತವಾಗಿ ಮಾಡುತ್ತದೆ. ಅದಕ್ಕೆ ಎರಡು ಪಾರ್ಟಿಷನ್‌ಗಳ ಕಡತಗಳನ್ನು ಬೆರೆಸಲು ಬರುವುದಿಲ್ಲ, ಗಡಿ ಸರಿಸಲು ಬರುತ್ತದೆ. ಕೇಳಲು ಇದು ಸೌಮ್ಯವಾದ ಕೆಲಸದಂತೆ ಕಾಣುತ್ತದೆ, ಆದರೆ ಹೋಲಿಕೆಯಲ್ಲಿ ಎಲ್ಲಕ್ಕಿಂತ ಅಪಾಯ ಹೆಚ್ಚಿರುವುದು ಇಲ್ಲಿಯೇ. ಬಲ ಅಂಚನ್ನು ಕುಗ್ಗಿಸುವುದು ಬೇರೆ, ಎಡ ಅಂಚನ್ನು ಸರಿಸುವುದು ಬೇರೆ. ಪಾರ್ಟಿಷನ್ ಆರಂಭವಾಗುವ ಜಾಗವೇ ಬದಲಾದರೆ ಅದರೊಳಗಿನ ಎಲ್ಲವನ್ನೂ ಹೊಸ ಜಾಗಕ್ಕೆ ಎತ್ತಿ ಬರೆಯಬೇಕಾಗುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ಹಳೆಯ ಪಾರ್ಟಿಷನ್ ಪೂರ್ತಿ ಉಳಿದಿರುವುದಿಲ್ಲ, ಹೊಸದು ಪೂರ್ತಿ ಆಗಿರುವುದಿಲ್ಲ.

ಪರಿಚಯದವರ ಡಿಟಿಪಿ ಅಂಗಡಿಯ ಯಂತ್ರದಲ್ಲಿ ಒಮ್ಮೆ ನಾನು ಹೀಗೆ ಗಡಿ ಸರಿಸಲು ಕೂತಿದ್ದೆ. ಬೇಸಿಗೆಯ ಮಧ್ಯಾಹ್ನ ವಿದ್ಯುತ್ ಹೋಯಿತು. ಯುಪಿಎಸ್ ಹದಿನೈದು ನಿಮಿಷ ತಾಳಿ ನಿಂತಿತು, ವಿದ್ಯುತ್ ಬರಲಿಲ್ಲ. ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ ಬಹಳಷ್ಟು ಕಡತಗಳು ಮರಳಿ ಸಿಕ್ಕವು, ಆದರೆ ಅದು ಕಡತಗಳ ಹೆಸರನ್ನು ಉಳಿಸಿಕೊಡುವುದಿಲ್ಲ, ಫೋಲ್ಡರುಗಳ ವಿಂಗಡಣೆಯನ್ನೂ ಉಳಿಸಿಕೊಡುವುದಿಲ್ಲ. ಸಾವಿರಾರು ಆಹ್ವಾನಪತ್ರಿಕೆಗಳು, ಕರಪತ್ರಗಳು ಬರೀ ಅಂಕಿಗಳ ಹೆಸರಿನಲ್ಲಿ ಬಂದು ಬಿದ್ದವು. ಯಾವುದು ಯಾರದು ಎಂದು ಒಂದೊಂದನ್ನೇ ತೆರೆದು ನೋಡಿ ಹೆಸರಿಡುವುದರಲ್ಲಿ ಆ ಅಂಗಡಿಯವರು ವಾರಗಳನ್ನು ಕಳೆದರು. ಆ ಮಧ್ಯಾಹ್ನದ ನಂತರ, ಸಂಪೂರ್ಣ ಬ್ಯಾಕಪ್ ಇಲ್ಲದೆ ಎಡ ಅಂಚನ್ನು ಸರಿಸುವ ಕೆಲಸವನ್ನು ನಾನು ಯಾರಿಗೂ ಮಾಡಿಕೊಟ್ಟಿಲ್ಲ.

ಆದರೂ ಇದೇ ದಾರಿ ಬೇಕೆಂದಾದರೆ, ವಿಂಡೋಸನ್ನು ಪೂರ್ತಿಯಾಗಿ ಆಫ್ ಮಾಡಬೇಕು. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಅರೆನಿದ್ರೆಯಲ್ಲಿರುತ್ತದೆ, ಅಂಥ ಪಾರ್ಟಿಷನ್‌ನ ಗಾತ್ರ ಬದಲಿಸಲು ಜಿಪಾರ್ಟೆಡ್ ಒಪ್ಪುವುದಿಲ್ಲ. ಮೊದಲು ಚೆಕ್‌ಡಿಸ್ಕ್ ನಡೆಸಿ ದೋಷಗಳನ್ನು ಸರಿಪಡಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು ಚಾರ್ಜರ್ ಸಿಕ್ಕಿಸಿಯೇ ಕೂರಬೇಕು.

ಕೂಡಿಸದೆಯೂ ಆಗಬಹುದು

ನಿಮಗೆ ಬೇಕಿರುವುದು ಸಿ ಡ್ರೈವಿನಲ್ಲಿ ಉಸಿರಾಡುವಷ್ಟು ಜಾಗ ಮಾತ್ರವೆಂದಾದರೆ ಪಾರ್ಟಿಷನ್ ಮುಟ್ಟುವ ಅಗತ್ಯವೇ ಬೀಳದಿರಬಹುದು. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಫೋಲ್ಡರುಗಳ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬಲ್ಲಿ ಡಿ ಡ್ರೈವಿನ ವಿಳಾಸ ಕೊಟ್ಟರೆ ಅವು ಅಲ್ಲಿಗೆ ಸಾಗುತ್ತವೆ, ತಂತ್ರಾಂಶಗಳು ಎಂದಿನಂತೆ ಅವುಗಳನ್ನು ಹುಡುಕಿಕೊಳ್ಳುತ್ತವೆ. ಎರಡು ಅಕ್ಷರಗಳ ನಡುವೆ ಓಡಾಡುವುದೇ ಕಿರಿಕಿರಿ ಎನ್ನುವವರು ಡಿ ಡ್ರೈವನ್ನು ಸಿ ಡ್ರೈವಿನ ಖಾಲಿ ಫೋಲ್ಡರೊಂದಕ್ಕೆ ಮೌಂಟ್ ಮಾಡಬಹುದು, ಅಂದರೆ ಆ ಫೋಲ್ಡರಿನ ಮೂಲಕವೇ ಡಿ ಡ್ರೈವ್ ತೆರೆಯುವಂತೆ ಮಾಡಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡ್ರೈವಿನ ಅಕ್ಷರ ಬದಲಿಸುವ ಆಯ್ಕೆಯೊಳಗೇ ಇದೂ ಇದೆ. ನೋಡಲು ಒಂದೇ ಡ್ರೈವಿನಂತೆ, ಒಳಗೆ ಎರಡಾಗಿಯೇ ಇರುತ್ತದೆ. ಒಂದು ಬೈಟ್ ಕೂಡ ಸ್ಥಳ ಬದಲಿಸುವುದಿಲ್ಲ. ಸಿ ಡ್ರೈವಿನ ಗಾತ್ರ ಇದರಿಂದ ಹೆಚ್ಚುವುದಿಲ್ಲ ಎಂಬುದನ್ನೂ, ಆ ಫೋಲ್ಡರಿನೊಳಗೆ ಅಳಿಸಿದ್ದು ನಿಜಕ್ಕೂ ಡಿ ಡ್ರೈವಿನಿಂದಲೇ ಅಳಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಡಿಸ್ಕ್ ಹಳೆಯದಾಗಿದ್ದರೆ ಹೊಸ ಎಸ್‌ಎಸ್‌ಡಿ ಕೊಂಡು, ಹಳೆಯದನ್ನು ಅದಕ್ಕೆ ಕ್ಲೋನ್ ಮಾಡಿ (ಇದ್ದದ್ದನ್ನು ಇದ್ದಂತೆಯೇ ನಕಲು ಮಾಡಿ), ಹೊಸದರಲ್ಲಿ ಸಿ ಡ್ರೈವನ್ನು ದೊಡ್ಡದಾಗಿ ಮಾಡಿಕೊಳ್ಳುವುದು ಹಣ ಖರ್ಚಾಗುವ ದಾರಿಯಾದರೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ನೆಮ್ಮದಿಯದು. ಇಲ್ಲಿ ಹಳೆಯ ಡಿಸ್ಕಿನಿಂದ ಓದುವುದು ಮಾತ್ರ ನಡೆಯುತ್ತದೆ. ಹೊಸದರಲ್ಲಿ ಏನೇ ಎಡವಟ್ಟಾದರೂ ಹಳೆಯದನ್ನು ಮತ್ತೆ ಸಿಕ್ಕಿಸಿ ಯಂತ್ರವನ್ನು ಚಾಲೂ ಮಾಡಬಹುದು. ಕ್ಲೋನ್ ಮಾಡುವಾಗ ಯಾವುದು ಮೂಲ, ಯಾವುದು ಗುರಿ ಎಂಬುದನ್ನು ತಿರುಗುಮುರುಗು ಮಾಡದಿದ್ದರೆ ಸಾಕು.

ಎರಡು ಬೇರೆ ಬೇರೆ ಡಿಸ್ಕುಗಳನ್ನು ಡೈನಮಿಕ್ ಡಿಸ್ಕ್ ಮಾಡಿ ಒಂದೇ ಡ್ರೈವಿನಂತೆ ಹರಡುವ ವಿಧಾನ ಈ ಹೋಲಿಕೆಗೆ ಬರಬಾರದ್ದು. ಒಂದು ಡಿಸ್ಕ್ ಕೆಟ್ಟರೆ ಎರಡರ ಕಡತಗಳೂ ಹೋಗುತ್ತವೆ. ಮೈಕ್ರೋಸಾಫ್ಟ್ ಕೂಡ ಆ ವ್ಯವಸ್ಥೆಯನ್ನು ಕೈಬಿಡುವ ಪಟ್ಟಿಗೆ ಸೇರಿಸಿದೆ. ಅದರ ಬದಲಿಗೆ ಸೂಚಿಸುವ ಸ್ಟೋರೇಜ್ ಸ್ಪೇಸಸ್ ಡಿಸ್ಕುಗಳನ್ನು ಸೇರಿಸಿಕೊಳ್ಳುವಾಗಲೇ ಅವುಗಳಲ್ಲಿದ್ದುದನ್ನು ಅಳಿಸುವುದರಿಂದ ಇರುವ ಕಡತಗಳನ್ನು ಉಳಿಸಿಕೊಳ್ಳುವವರಿಗೆ ಅದು ಒದಗುವುದಿಲ್ಲ. ಮ್ಯಾಕ್ ಬಳಸುವವರಿಗೆ ಈ ಚಿಂತೆ ಕಡಿಮೆ: 2017ರ ಮ್ಯಾಕ್‌ಓಎಸ್ ಹೈ ಸಿಯೆರಾದೊಂದಿಗೆ ಬಂದ ಎಪಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಒಂದೇ ಕಂಟೇನರಿನ ವಾಲ್ಯೂಮುಗಳೆಲ್ಲ ಖಾಲಿ ಜಾಗವನ್ನು ಹಂಚಿಕೊಂಡೇ ಬಳಸುತ್ತವೆ.

ಅಳಿಸುವ ಮುನ್ನ, ಅಳಿಸಿದ ನಂತರ

ಡಿ ಡ್ರೈವಿನಲ್ಲಿ ಬರೀ ಕಡತಗಳಿದ್ದರೆ ಸರಿ, ತಂತ್ರಾಂಶಗಳನ್ನೂ ಅಲ್ಲಿ ಇನ್‌ಸ್ಟಾಲ್ ಮಾಡಿದ್ದರೆ ಕೂಡಿಸಿದ ಮೇಲೆ ಅವು ತೆರೆಯುವುದಿಲ್ಲ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟುಗಳೂ ವಿಂಡೋಸ್‌ನ ರಿಜಿಸ್ಟ್ರಿಯೂ ಇನ್ನೂ ಡಿ ಎಂಬ ವಿಳಾಸವನ್ನೇ ಹುಡುಕುತ್ತಿರುತ್ತವೆ. ನುಡಿ ಅಥವಾ ಬರಹ ಅಲ್ಲಿದ್ದರೆ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗುತ್ತದೆ. ಟ್ಯಾಲಿಯ ಡೇಟಾ ಡಿ ಡ್ರೈವಿನಲ್ಲಿದ್ದರೆ ಹೊಸ ಜಾಗದ ವಿಳಾಸವನ್ನು ಟ್ಯಾಲಿಯ ಒಳಗೆ ಕೊಡುವವರೆಗೂ ಕಂಪನಿಗಳ ಪಟ್ಟಿ ಖಾಲಿಯಾಗಿಯೇ ಕಾಣುತ್ತದೆ. ಕಡತಗಳು ಹೋಗಿರುವುದಿಲ್ಲ, ವಿಳಾಸ ಬದಲಾಗಿರುತ್ತದೆ ಅಷ್ಟೆ. ಪೇಜ್ ಫೈಲ್ (ಮೆಮೊರಿ ಸಾಲದಾದಾಗ ವಿಂಡೋಸ್ ಬಳಸುವ ಕಡತ) ಡಿ ಡ್ರೈವಿನಲ್ಲಿದ್ದರೆ ಅಳಿಸುವ ಆಯ್ಕೆಯೇ ಸಿಗದಿರಬಹುದು, ಅದನ್ನು ಮೊದಲು ಸಿ ಡ್ರೈವಿಗೆ ಬದಲಿಸಬೇಕು. ಎಲ್ಲವನ್ನೂ ಉದ್ದ ಹೆಸರಿನ ಹೊಸ ಫೋಲ್ಡರಿನೊಳಗೆ ತುಂಬಿದರೆ ಕೆಲವು ಕಡತಗಳ ಪೂರ್ಣ ವಿಳಾಸ 260 ಅಕ್ಷರಗಳ ಮಿತಿಯನ್ನು ದಾಟಿ ತೆರೆಯಲು ಸತಾಯಿಸುತ್ತವೆ. ಆ ಫೋಲ್ಡರಿಗೆ ಒಂದೆರಡು ಅಕ್ಷರಗಳ ಹೆಸರಿಡುವುದು ಮೇಲು.

ಅಕಸ್ಮಾತ್ ತಪ್ಪು ಪಾರ್ಟಿಷನ್ ಅಳಿಸಿದಿರಿ ಎಂದುಕೊಳ್ಳೋಣ. ಆ ಕ್ಷಣಕ್ಕೆ ಹೋಗಿರುವುದು ಕೋಷ್ಟಕದಲ್ಲಿನ ಸಾಲು ಮಾತ್ರ. ಏನನ್ನೂ ಬರೆಯದೆ, ಹಿಗ್ಗಿಸದೆ, ಫಾರ್ಮ್ಯಾಟ್ ಮಾಡದೆ ನಿಲ್ಲಿಸಿದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಆ ಪಾರ್ಟಿಷನ್‌ನ್ನು ಹಾಗೆಯೇ ಮರಳಿ ತರುವ ಸಾಧ್ಯತೆ ಚೆನ್ನಾಗಿರುತ್ತದೆ. ಎಸ್‌ಎಸ್‌ಡಿಯಲ್ಲಿ ಮಾತ್ರ ಈ ಕಾಲಾವಕಾಶ ಕಿರಿದು: ಸಿ ಡ್ರೈವನ್ನು ಆ ಜಾಗಕ್ಕೆ ಹಿಗ್ಗಿಸಿಬಿಟ್ಟರೆ, ವಿಂಡೋಸ್ ಕಾಲಕಾಲಕ್ಕೆ ನಡೆಸುವ ಆಪ್ಟಿಮೈಸ್ ಕೆಲಸ ಖಾಲಿ ಜಾಗವನ್ನೆಲ್ಲ ಟ್ರಿಮ್ ಮಾಡುತ್ತದೆ, ಅಂದರೆ ಅಲ್ಲಿದ್ದುದು ಇನ್ನು ಬೇಡವೆಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ, ಆಮೇಲೆ ಯಾವ ತಂತ್ರಾಂಶಕ್ಕೂ ಅಲ್ಲಿ ಏನೂ ಸಿಗುವುದಿಲ್ಲ.

ಕೆಲಸ ಸುಸೂತ್ರವಾಗಿ ಮುಗಿದ ಮೇಲೂ ಹೊರಗಿನ ಡಿಸ್ಕಿನಲ್ಲಿರುವ ನಕಲನ್ನು ಕನಿಷ್ಠ ಒಂದು ತಿಂಗಳು ಹಾಗೆಯೇ ಇಡಿ. ದಿನವೂ ತೆರೆಯುವ ಕಡತ ಕಾಣೆಯಾದರೆ ಅಂದೇ ತಿಳಿಯುತ್ತದೆ. ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಸಲ್ಲಿಸುವಾಗ ಮಾತ್ರ ತೆರೆಯುವ ಲೆಕ್ಕದ ಹಾಳೆ ಬಂದಿದೆಯೋ ಇಲ್ಲವೋ ಎಂಬುದು ಮುಂದಿನ ತಿಂಗಳು ಅದನ್ನು ಹುಡುಕಿದಾಗಲೇ ಗೊತ್ತಾಗುವುದು.